ಕಾರ್ಖಾನೆ ತಂಡ, ಊರ ತಂಡ

1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಶುರುವಾದ ಆ ಪಂದ್ಯಾವಳಿಯ ಕಪ್ಪು ಅಲ್ಲಿಯವರೆಗೆ ಒಂದು ಬ್ರಿಟಿಷ್ ಪಲ್ಟನ್ನಿನ ಕೈಯಿಂದ ಇನ್ನೊಂದರ ಕೈಗೆ ದಾಟುತ್ತಿತ್ತೇ ಹೊರತು ಭಾರತೀಯರ ತಂಡಕ್ಕೆ ಸಿಕ್ಕಿರಲಿಲ್ಲ. ಫೈನಲ್‌ನಲ್ಲಿ ಎದುರಿಗಿದ್ದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ವರ್ಷವೂ ಬಿಡದೆ ಕಲ್ಕತ್ತಾ ಲೀಗ್ ಗೆಲ್ಲುತ್ತಿದ್ದ, ದೇಶದಲ್ಲೇ ಬಲಿಷ್ಠವೆನಿಸಿಕೊಂಡಿದ್ದ ತಂಡ ಅದು. ಅದನ್ನು ಒಂದೇ ಒಂದು ಗೋಲಿನಿಂದ ಸೋಲಿಸಿದ ಬೆಂಗಳೂರಿನ ಹುಡುಗರು ಮರುವರ್ಷವೂ ಕಪ್ಪನ್ನು ತಮ್ಮಲ್ಲೇ ಉಳಿಸಿಕೊಂಡರು. 1948ರಲ್ಲಿ ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಸಲ ಗೆದ್ದರು.

1911ರಲ್ಲಿ ಮೋಹನ್ ಬಗಾನ್ ಗೋರಾ ಪಲ್ಟನ್ನೊಂದನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಬಂಗಾಳಿಗಳು ಇವತ್ತಿಗೂ ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯದ ಹಾಗೆ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ 1937ರ ಮಾತೆತ್ತಿದರೆ, ಕನ್ನಡ ಎಂ.ಎ. ಮಾಡಿದ ನನ್ನ ಗೆಳೆಯರೂ ಕಣ್ಣರಳಿಸಿ ‘ಹೌದಾ?’ ಎನ್ನುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆ ಗೆಲುವು ನಡೆದದ್ದು ಕನ್ನಡ ಸಾಹಿತ್ಯ ಚರಿತ್ರೆ ಕಾಲಿಡದ ಬೆಂಗಳೂರಿನಲ್ಲಿ.

ನನ್ನ ಪಿಎಚ್‌.ಡಿ. ವಿಷಯ ಫುಟ್‌ಬಾಲ್ ಅಲ್ಲ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ಹುಟ್ಟಿದ ಕನ್ನಡ ಸಂಘಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಈ ಸಂಘಗಳು ನಾಟಕ ಆಡಿಸಿದ್ದು, ರಾಜ್ಯೋತ್ಸವ ಮಾಡಿದ್ದು, ಸ್ಮರಣ ಸಂಚಿಕೆ ತಂದದ್ದು ನಮ್ಮ ವಲಯಕ್ಕೆ ಗೊತ್ತಿದೆ. ಅದೇ ಕಾರ್ಖಾನೆಯ ಅದೇ ಗೇಟಿನೊಳಗೆ ಒಂದು ಫುಟ್‌ಬಾಲ್ ತಂಡವೂ ಇತ್ತು, ಆ ತಂಡ ದೇಶದ ದೊಡ್ಡ ತಂಡಗಳ ಜೊತೆ ಆಡುತ್ತಿತ್ತು ಅನ್ನುವುದು ಗೊತ್ತಿಲ್ಲ. ಕೆ.ಆರ್. ಪುರದ ನಮ್ಮ ಮನೆಯಿಂದ ಮೆಟ್ರೊ ಹತ್ತಿದರೆ ದೂರವಾಣಿನಗರದ ಐಟಿಐ, ಬೈಯಪ್ಪನಹಳ್ಳಿ, ಇಂದಿರಾನಗರ ದಾಟಿ ಅರ್ಧ ಗಂಟೆಯೊಳಗೆ ಹಲಸೂರು. ಬೆಂಗಳೂರಿನ ಫುಟ್‌ಬಾಲ್ ಚರಿತ್ರೆಯ ಬಹುಪಾಲು ಈ ದಾರಿಯ ಆಚೀಚೆಯೇ ಇದೆ, ಉಲ್ಟಾ ದಿಕ್ಕಿನಲ್ಲಿ: ಮೊದಲು ದಂಡು, ಆಮೇಲೆ ಕಾರ್ಖಾನೆ.

ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಕಾಟ ತಾಳಲಾರದೆ ಸೈನ್ಯವನ್ನು ಇಲ್ಲಿಗೆ ತಂದರು. ಸೈನ್ಯದ ಬೆನ್ನಿಗೇ ಅಡುಗೆಯವರು, ಕುದುರೆ ನೋಡುವವರು, ಹೊಲಿಗೆಯವರು, ಕಟ್ಟಡ ಕೆಲಸದವರು, ವ್ಯಾಪಾರಿಗಳು ಬಂದರು. ಹೆಚ್ಚಿನವರು ತಮಿಳು ಮಾತಾಡುವವರು. ಜೊತೆಗೆ ದಖನಿ ಉರ್ದುವಿನವರು, ತೆಲುಗಿನವರು. ಪೇಟೆಯ ಬೆಂಗಳೂರು ಮೈಸೂರು ಅರಸರದ್ದು, ದಂಡು ಪ್ರದೇಶ ಬ್ರಿಟಿಷರದ್ದು. 1947ರ ಜುಲೈವರೆಗೂ ಹಾಗೇ ಇತ್ತು. ಎರಡರ ನಗರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಪರೇಡು ಮುಗಿದ ಸಂಜೆ ಸೋಲ್ಜರುಗಳು ಆಡುತ್ತಿದ್ದ ಆಟ, ಬೇಲಿಯಾಚೆ ನಿಂತು ನೋಡಿದ ಹುಡುಗರ ಕಾಲಿಗೆ ಹತ್ತಿತು. ಅದಕ್ಕೆ ಬೇಕಾದದ್ದು ಒಂದು ಚೆಂಡು ಮಾತ್ರ, ಬೂಟೂ ಬೇಡ. ಕ್ರಿಕೆಟ್ಟಿನ ಹಾಗೆ ಬ್ಯಾಟು, ಪ್ಯಾಡು, ಬಿಳಿ ಪ್ಯಾಂಟು ಕೇಳದ ಆಟ. ಕ್ಲಬ್ಬುಗಳಿಗೆ ಮೊಹಲ್ಲಾ ಮತ್ತು ಸಮುದಾಯಗಳೇ ಆಧಾರವಾಗಿದ್ದವು. ಬೆಂಗಳೂರು ಮುಸ್ಲಿಮ್ಸ್, ಬೆಂಗಳೂರು ಕ್ರೆಸೆಂಟ್ಸ್ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ.

ಕ್ರೆಸೆಂಟ್ಸ್‌ನಲ್ಲಿ ಆಡಿ, ಆಮೇಲೆ ಬೆಂಗಳೂರು ಮುಸ್ಲಿಮ್ಸ್‌ಗೆ ಬಂದವರು ಅಹ್ಮದ್ ಖಾನ್. ಈ ಲೇಖನದಲ್ಲಿ ಒಬ್ಬರನ್ನಷ್ಟೇ ನೆನಪಿಟ್ಟುಕೊಳ್ಳಿ ಅಂದರೆ ನಾನು ಹೇಳುವ ಹೆಸರು ಅವರದ್ದೇ. 1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫರ್ಡ್‌ನಲ್ಲಿ, ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಪಂದ್ಯ. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಲ್ಲಿ, ಕೆಲವರು ಬಟ್ಟೆಪಟ್ಟಿ ಸುತ್ತಿಕೊಂಡು ಇಳಿದಿದ್ದರು. ಎರಡು ಪೆನಾಲ್ಟಿ ಕೈತಪ್ಪಿ, ಕೊನೆಯ ನಿಮಿಷಗಳಲ್ಲಿ ಬಿದ್ದ ಗೋಲಿನಿಂದ ಭಾರತ 1–2ರಲ್ಲಿ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ಪಂದ್ಯದಲ್ಲಿ ಅಹ್ಮದ್ ಖಾನ್ ಕೂಡ ಇದ್ದರು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಭಾರತಕ್ಕೆ ಹತ್ತು ಗೋಲು ಹೊಡೆದಾಗ ತಿರುಗಿ ಒಂದು ಹೊಡೆದವರು ಈ ಅಹ್ಮದ್ ಖಾನ್. ಆ ಸೋಲಿನ ನಂತರವೇ ಭಾರತೀಯ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ನಡುವೆ 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಚಿನ್ನ.

1949ರಲ್ಲಿ ಅವರನ್ನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕರೆಸಿಕೊಂಡಿತು. ಅಲ್ಲಿನ ಐದು ಮಂದಿ ಮುಂಪಡೆ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರು ಅಂದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್, ಅಹ್ಮದ್ ಖಾನ್. ಒಬ್ಬರೂ ಬಂಗಾಳಿಯಲ್ಲ. ಚೆಂಡನ್ನು ಕಾಲಲ್ಲಿ ಕುಣಿಸುತ್ತಿದ್ದ ಅಹ್ಮದ್ ಖಾನರಿಗೆ ಹಾವಾಡಿಗ ಎಂಬ ಅಡ್ಡಹೆಸರೂ ಸಿಕ್ಕಿತು. 2017ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ಕಲ್ಕತ್ತೆಯ ದುಃಖ ದೊಡ್ಡದಿತ್ತು, ಅವರು ಹುಟ್ಟಿ ಬೆಳೆದ ಊರಿನದ್ದು ಅದರ ಮುಂದೆ ಚಿಕ್ಕದು. ಕಲ್ಕತ್ತೆಗೆ ಹೋದ ಬೆಂಗಳೂರಿನ ಆಟಗಾರರ ಸಾಲು ಉದ್ದವಿದೆ. ಇಲ್ಲಿ ಆಟ ಇತ್ತು, ಆಟದಿಂದ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಕಾರ್ಖಾನೆಗಳು. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಅದೇ ಮುಂದೆ ಎಚ್‌ಎಎಲ್. 1948ರಲ್ಲಿ ಕೆ.ಆರ್. ಪುರದ ಬಳಿ ಐಟಿಐ ಬಂತು. ಟೆಲಿಫೋನು ಮಾಡುವ ಕಾರ್ಖಾನೆಯ ಸುತ್ತ ಬೆಳೆದ ಕಾಲೊನಿಗೆ ದೂರವಾಣಿನಗರ ಎಂದೇ ಹೆಸರಾಯಿತು. (ಒಂದು ಬಡಾವಣೆ ಇಷ್ಟು ಸೊಗಸಾದ ಕನ್ನಡ ಹೆಸರು ಪಡೆದದ್ದು ಅಪರೂಪ.) ಕಾರ್ಖಾನೆ ತಂಡದ ಆಟಗಾರನೆಂದರೆ ಮೊದಲು ನೌಕರ. ಬೆಳಗ್ಗೆ ಕಾರ್ಡು ಪಂಚ್ ಮಾಡಬೇಕು, ಅಭ್ಯಾಸದ ಹೊತ್ತಿಗೆ ಬಿಡುವು ಸಿಗುತ್ತದೆ, ಪಂದ್ಯಾವಳಿಗೆ ಹೋದರೆ ಆನ್ ಡ್ಯೂಟಿ. ಕಾಲು ಮುರಿದರೂ ಸಂಬಳ ನಿಲ್ಲುವುದಿಲ್ಲ, ಆಟ ಬಿಟ್ಟ ಮೇಲೆ ಅರವತ್ತರವರೆಗೂ ಕೆಲಸ ಇರುತ್ತದೆ. ಹಲಸೂರಿನ, ಆಸ್ಟಿನ್ ಟೌನಿನ ಕೂಲಿಕಾರರ ಮನೆಯ ಹುಡುಗನಿಗೆ ಕಾರ್ಖಾನೆಯ ಗೇಟಿನೊಳಗೆ ಹೋಗಲು ಡಿಗ್ರಿ ಇರಲಿಲ್ಲ, ಶಿಫಾರಸು ಇರಲಿಲ್ಲ. ಕಾಲಿತ್ತು. ಇದನ್ನು ಕ್ರೀಡೆಯ ಪೋಷಣೆ ಅನ್ನುವುದಕ್ಕಿಂತ ಒಂದು ತಲೆಮಾರಿನ ವರ್ಗಬದಲಾವಣೆ ಅಂದರೆ ಸರಿಯಾದೀತು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು: 1946, 1952, 1967, 1968. ಐಟಿಐ 90ರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಲೀಗ್‌ನಲ್ಲಿ ಆಡಿತು.

ಕಾರ್ಖಾನೆ ತಂಡಗಳ ಬಗ್ಗೆ ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು ಜಪಾನ್. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಅಲ್ಲಿ ಶುರುವಾದ ರಾಷ್ಟ್ರೀಯ ಲೀಗ್‌ನಲ್ಲಿ ಇದ್ದದ್ದು ಎಂಟು ತಂಡ, ಎಲ್ಲವೂ ಕಂಪನಿಗಳದ್ದು: ತಾಮ್ರದ ತಂತಿ ಮಾಡುವ ಫುರುಕಾವಾ, ಹಡಗು ಕಟ್ಟುವ ಮಿತ್ಸುಬಿಷಿ, ಡೀಸೆಲ್ ಎಂಜಿನ್ನಿನ ಯಾನ್ಮಾರ್. ಆಟಗಾರರು ನೌಕರರು. ಐಟಿಐ, ಎಚ್‌ಎಎಲ್‌ಗಳ ಕಥೆಯೇ ಬೇರೆ ಲಿಪಿಯಲ್ಲಿ ಬರೆದಂತಿದೆ. ಆದರೆ 1993ರಲ್ಲಿ ಜೆ–ಲೀಗ್ ಶುರುಮಾಡುವಾಗ ಅದರ ಅಧ್ಯಕ್ಷ ಸಬುರೊ ಕವಾಬುಚಿ ಒಂದು ಷರತ್ತು ಹಾಕಿದರು. ಅವರೂ ಫುರುಕಾವಾ ಕಂಪನಿಯ ಹಳೆಯ ಆಟಗಾರರೇ. ದುಡ್ಡು ಕಂಪನಿಯದ್ದಿರಲಿ, ತಂಡಕ್ಕೆ ಊರೊಂದು ಬೇಕು, ಹೆಸರು ಊರಿನದ್ದಾಗಬೇಕು. ತಂಡದ ಹೆಸರಲ್ಲಿ ತನ್ನ ಹೆಸರಿರಲೇಬೇಕೆಂದು ಯೋಮಿಯುರಿ ಪತ್ರಿಕಾ ಸಂಸ್ಥೆ ವರ್ಷಗಟ್ಟಲೆ ಜಗಳವಾಡಿತು, ಕವಾಬುಚಿ ಬಗ್ಗಲಿಲ್ಲ. ಮಿತ್ಸುಬಿಷಿ ತಂಡ ಉರಾವಾ ಊರಿನದ್ದಾಯಿತು, ಮಜ್ದಾದ್ದು ಹಿರೊಶಿಮಾದ್ದು.

ಇವುಗಳಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಕಾಶಿಮಾ. ಸಮುದ್ರದಂಡೆಯ ಸಣ್ಣ ಊರು, ಅಲ್ಲೊಂದು ಸುಮಿಟೊಮೊ ಉಕ್ಕಿನ ಕಾರ್ಖಾನೆ, ಕಾರ್ಖಾನೆಗೊಂದು ಎರಡನೆ ದರ್ಜೆಯ ತಂಡ. ನಿಮಗೆ ಲೀಗ್‌ನಲ್ಲಿ ಜಾಗ ಸಿಗುವುದು ಅಸಾಧ್ಯ ಎಂದೇ ಹೇಳಿದ್ದರಂತೆ ಕವಾಬುಚಿ. ಊರು ಮತ್ತು ಕಂಪನಿ ಸೇರಿ ಹದಿನೈದು ಸಾವಿರ ಜನ ಕೂರುವ, ಪ್ರೇಕ್ಷಕರಿಗೆ ಸೂರಿರುವ ಕ್ರೀಡಾಂಗಣ ಎಬ್ಬಿಸಿಬಿಟ್ಟವು. ಬ್ರೆಜಿಲ್ಲಿನ ಜೀಕೊ 1991ರಲ್ಲೇ ಆ ತಂಡಕ್ಕೆ ಬಂದಿದ್ದ. 1993ರ ಮೊದಲ ಹಂತದ ವಿಜೇತರು ಕಾಶಿಮಾ ಆಂಟ್ಲರ್ಸ್. 2016ರಲ್ಲಿ ಕ್ಲಬ್ ವಿಶ್ವಕಪ್ಪಿನ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡನ್ನು ಹೆಚ್ಚುವರಿ ಸಮಯದವರೆಗೆ ಎಳೆದು ಸೋತರು. 2019ರಲ್ಲಿ ಉಕ್ಕಿನ ಕಂಪನಿ ತಂಡವನ್ನು ಹಳೆ ಸಾಮಾನು ಮಾರುವ ಆ್ಯಪ್ ನಡೆಸುವ ಮರ್ಕಾರಿಗೆ ಮಾರಿತು. ಮಾಲೀಕರು ಬದಲಾದರು, ಆಂಟ್ಲರ್ಸ್ ಕಾಶಿಮಾದ ಹೆಸರಲ್ಲೇ ಉಳಿಯಿತು.

ಜಪಾನಿನದ್ದು ಸುಖಾಂತದ ಕಥೆ ಅಂದುಕೊಳ್ಳಬೇಡಿ. ಯೊಕೊಹಾಮಾ ಫ್ಲೂಗೆಲ್ಸ್ ಎಂಬ ತಂಡಕ್ಕೆ ದುಡ್ಡು ಹಾಕುತ್ತಿದ್ದ ಕಟ್ಟಡ ಕಂಪನಿ 1998ರಲ್ಲಿ ಕೈಬಿಟ್ಟಾಗ ಆ ತಂಡವನ್ನು ಅದೇ ಊರಿನ ಮರಿನೋಸ್ ತಂಡದೊಳಗೆ ವಿಲೀನ ಮಾಡಿಬಿಟ್ಟರು. ಮುಚ್ಚಿಹೋಗುವ ಆ ತಂಡ ತನ್ನ ಕಟ್ಟಕಡೆಯ ಪಂದ್ಯದಲ್ಲಿ, 1999ರ ಜನವರಿ 1ರಂದು, ಚಕ್ರವರ್ತಿ ಕಪ್ ಗೆದ್ದಿತು. ಅಭಿಮಾನಿಗಳು ಇನ್ನೊಂದು ತಂಡಕ್ಕೆ ಜೈ ಅನ್ನಲು ಒಪ್ಪದೆ ಚಂದಾ ಎತ್ತಿ ಯೊಕೊಹಾಮಾ ಎಫ್‌ಸಿ ಎಂಬ ತಮ್ಮದೇ ಕ್ಲಬ್ ಕಟ್ಟಿದರು. ಆರು ವರ್ಷದಲ್ಲಿ ಊರ ಹೆಸರು ಮಾಡಿದ ಕೆಲಸ ಇದು. ಕಂಪನಿಯ ತಂಡವಾಗಿಯೇ ಇದ್ದಿದ್ದರೆ ಮುಚ್ಚುವುದನ್ನು ನೌಕರರು ನೋಟೀಸ್ ಬೋರ್ಡಿನಲ್ಲಿ ಓದುತ್ತಿದ್ದರು, ಅಷ್ಟೆ.

ನಮ್ಮಲ್ಲಿ ಹಾಗೆಯೇ ಆಯಿತು. ಟೆಲಿಕಾಂ ಖಾಸಗಿಯವರಿಗೆ ತೆರೆದುಕೊಂಡ ಮೇಲೆ ಐಟಿಐ ಸೊರಗಿತು, ನೇಮಕಾತಿ ಇಳಿಯಿತು. ನೇಮಕಾತಿ ಇಲ್ಲವೆಂದರೆ ಹೊಸ ಆಟಗಾರರಿಲ್ಲ. ಎಚ್‌ಎಎಲ್ ಇನ್ನಷ್ಟು ದಿನ ತಾಳಿಕೊಂಡಿತು. 2010–11ರಲ್ಲಿ ಐ–ಲೀಗ್‌ಗೆ ಏರಿ, ಹೆಚ್ಚಾಗಿ ತನ್ನ ನೌಕರರನ್ನೇ ನೆಚ್ಚಿಕೊಂಡು, ವಿದೇಶಿ ಆಟಗಾರರಿದ್ದ ತಂಡಗಳೆದುರು ಎರಡು ಸೀಸನ್ ಆಡಿ 2012ರಲ್ಲಿ ಕೆಳಗಿಳಿಯಿತು. ಆಗ ಯಾವ ಊರೂ ‘ಇದು ನಮ್ಮ ತಂಡ’ ಅಂತ ಬೀದಿಗಿಳಿಯಲಿಲ್ಲ. ಹೆಸರಲ್ಲಿ ಊರೇ ಇರಲಿಲ್ಲವಲ್ಲ.

ಹಾಗಂತ ಊರು ಇರಲಿಲ್ಲವೇ? ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಕಪ್ ಹಿಡಿದ ಪೆಲೆ ನಿಂತಿದ್ದಾನೆ. ವಿಶ್ವಕಪ್ ಬಂದರೆ ಗಲ್ಲಿಯ ತುಂಬ ಹಳದಿ ಬಾವುಟ. ಅಂಬೇಡ್ಕರರ ಪಕ್ಕದಲ್ಲಿ ಪೆಲೆಗೆ ಜಾಗ ಕೊಟ್ಟ ಕೇರಿಗೆ ಫುಟ್‌ಬಾಲ್ ಅಂದರೆ ಏನು ಅನ್ನುವುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಕಾಶಿಮಾದಲ್ಲಿ ತಂಡಕ್ಕೊಂದು ಊರು ಹುಡುಕಿದರು. ಇಲ್ಲಿ ಊರು ಮೊದಲೇ ಇತ್ತು, ತಂಡದ ಮೇಲೆ ಅದರ ಹೆಸರು ಬರೆಯಲು ಯಾರಿಗೂ ಹೊಳೆಯಲಿಲ್ಲ. ನನ್ನ ಅನುಮಾನ, ಹೊಳೆಯದಿದ್ದಕ್ಕೆ ಕಾರಣ ಕಾರ್ಖಾನೆಗಳ ಆಡಳಿತ ಮಾತ್ರವಲ್ಲ. ದಂಡಿನ ತಮಿಳು, ಉರ್ದು ಕೇರಿಗಳನ್ನು ಬೆಂಗಳೂರಿನ ಸ್ವಂತದವರೆಂದು ಒಪ್ಪಿಕೊಳ್ಳಲು ಕನ್ನಡದ ನಾವು ತಡಮಾಡಿದೆವು. ಆಸ್ಟಿನ್ ಟೌನಿಗೆ ನಿಘಂಟಿನ ಕಿಟ್ಟೆಲರ ಹೆಸರಿಟ್ಟೆವು, ಸಂತೋಷ. ಅದೇ ಕೇರಿಗಳ ಮೈದಾನಗಳಲ್ಲಿ ಆಡಿ ದೇಶಕ್ಕಾಗಿ ಆಡಿದವರ ಜೀವನಚರಿತ್ರೆಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನಮ್ಮ ಪಟ್ಟಿಗೇ ಬರಲಿಲ್ಲ.

2013ರಲ್ಲಿ ಒಂದು ಉಕ್ಕಿನ ಕಂಪನಿ, ಜೆಎಸ್‌ಡಬ್ಲ್ಯು, ಬೆಂಗಳೂರು ಎಫ್‌ಸಿ ಕಟ್ಟಿತು. ಹೆಸರಲ್ಲಿ ಕಂಪನಿ ಇಲ್ಲ, ಊರಿದೆ. ಕವಾಬುಚಿ ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಮೊದಲ ಸೀಸನ್ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ ಐ–ಲೀಗ್ ಗೆದ್ದ ತಂಡ ಆಮೇಲೆ ಕಂಠೀರವಕ್ಕೆ ಹೋಯಿತು. ಕಂಠೀರವ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ, ಪೇಟೆಗೂ ದಂಡಿಗೂ ನಡುವೆ ಇದ್ದ ಕೆರೆ ಅದು. ಅಲ್ಲಿನ ಪಶ್ಚಿಮ ಗ್ಯಾಲರಿಯಲ್ಲಿ ಡೋಲು ಬಡಿಯುತ್ತಾ ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಕೂಗುವ ಹುಡುಗರ ನಡುವೆ ನಾನೂ ಹಲವು ಸಂಜೆ ಗಂಟಲು ಹರಿದುಕೊಂಡಿದ್ದೇನೆ. ಅವರಲ್ಲಿ ಎಚ್‌ಎಎಲ್, ಐಟಿಐ ತಂಡಗಳ ಹೆಸರು ಕೇಳಿದವರು ಕಡಿಮೆ. ಹೊಸ ಕ್ಲಬ್ಬಿಗೆ ಹಳೆಯ ನೆನಪಿನ ಭಾರವಿಲ್ಲ. ಅದು ಅದರ ಅನುಕೂಲವೂ ಹೌದು, ಬಡತನವೂ ಹೌದು.

2016ರ ಅಕ್ಟೋಬರ್ 19ರಂದು ಅದೇ ಕಂಠೀರವದಲ್ಲಿ ಮಲೇಶಿಯಾದ ಜೊಹೋರ್ ತಂಡವನ್ನು 3–1ರಿಂದ ಸೋಲಿಸಿ ಬೆಂಗಳೂರು ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ 0–1ರಿಂದ ಸೋತೆವು. ಗೆದ್ದದ್ದು ಇರಾಕಿನ ವಾಯುಪಡೆಯ ತಂಡ. 1931ರಲ್ಲಿ ಹುಟ್ಟಿದ್ದು, ಇನ್ನೂ ವಾಯುಪಡೆಯ ಹೆಸರಲ್ಲೇ ಆಡುತ್ತಿದೆ.