ಹಗೇವಿನ ತಳ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ, ಅಂದರೆ ಇಂದಿನ ದೇವದುರ್ಗ, ಮಾನ್ವಿ, ರಾಯಚೂರು ಸೀಮೆಯಲ್ಲಿ, ಬಿಳಿಜೋಳವನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದುದು ಹಗೇವು. ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಒಡಲು ಅಗಲವಾಗಿರುವ ಈ ಕಣಜವು ಮನೆಯೊಳಗೋ ಓಣಿಯ ಬಯಲಿನಲ್ಲೋ ಇರುತ್ತಿತ್ತು. ಮಳೆ ನೆಚ್ಚುವಂತಿಲ್ಲದ ಈ ಸೀಮೆಯಲ್ಲಿ ಒಂದು ಸುಗ್ಗಿಯ ಕಾಳು ಮುಂದಿನ ಬರಕ್ಕೂ ಒದಗಬೇಕಾಗಿದ್ದುದರಿಂದ, ಒಕ್ಕಲು ಮನೆತನದ ಬಾಳು ಹಗೇವಿನ ತಳವನ್ನು ಅವಲಂಬಿಸಿತ್ತೆಂದರೆ ಉತ್ಪ್ರೇಕ್ಷೆಯಾಗದು.

ತಳವೇ ಏಕೆಂದರೆ, ಕೆಡುಕು ಅಲ್ಲಿಂದಲೇ ಆರಂಭವಾಗುತ್ತಿತ್ತು. ಬಾಯಿಗೆ ಬಂಡೆ ಮುಚ್ಚಿ ಮಣ್ಣಿನಿಂದ ಮೆತ್ತಿದ ಮೇಲೆ, ಒಳಗಿನ ಕಾಳು ಉಸಿರಾಡುತ್ತಾ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುವುದರಿಂದ ಹುಳುಗಳು ಸಾಯುತ್ತವೆ. ಆದರೆ ನೆಲದ ಪಸೆ ಕೆಳಗಿನಿಂದ ಏರಿದರೆ ಬೂಷ್ಟು ಹಿಡಿದು ಕಾಳು ಮುಗ್ಗುತ್ತದೆ, ಅಂದರೆ ಕೆಟ್ಟ ವಾಸನೆ ಹಿಡಿದು ಉಣ್ಣಲು ಬಾರದಂತಾಗುತ್ತದೆ. ಆದ್ದರಿಂದ ನೀರು ನಿಲ್ಲದ ಎತ್ತರದ ಗಟ್ಟಿ ಗರಸು ನೆಲವನ್ನು ಆಯ್ದು, ತಳಕ್ಕೂ ಗೋಡೆಗೂ ಮಣ್ಣು-ಸಗಣಿ ಮೆತ್ತಿ, ಒಳಗೆ ಬೆಂಕಿ ಹಾಕಿ ಒಣಗಿಸಿ, ಒಣಗಿದ ಕಣಿಕೆ ಮತ್ತು ಹೊಟ್ಟನ್ನು ದಪ್ಪವಾಗಿ ಹಾಸುತ್ತಿದ್ದರು. ಕಾಳು ತೆಗೆದಾದ ಮೇಲೆ ಮುಗ್ಗಿದ ಪದರವನ್ನು ಕೆರೆದು ಹೊರಹಾಕಿ, ಬಾಯಿ ತೆರೆದು ಗಾಳಿಯಾಡಿಸಿ, ಮತ್ತೆ ಮೆತ್ತಿ ಹೊಸ ಹಾಸು ಹಾಕುವುದೇ ದುರಸ್ತಿ. ಹಗೇವು ತೆರೆದೊಡನೆ ಇಳಿಯದೆ ಮೊದಲು ದೀಪವನ್ನು ಇಳಿಬಿಡುವ ರೂಢಿಯೂ ಇತ್ತು. ದೀಪ ಆರಿದರೆ ಉಸಿರಾಡುವ ಗಾಳಿಯಿಲ್ಲವೆಂದು ತಿಳಿಯಬೇಕಿತ್ತು. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರಿದ್ದಾರೆ.

ಹಗೇವು ಅಳಿದುದಕ್ಕೆ ಈ ಕೌಶಲದ ಕೊರತೆ ಕಾರಣವೆನ್ನಲಾಗದು. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯಲಾರಂಭಿಸಿದ ಮೇಲೆ ಎಡದಂಡೆ ಕಾಲುವೆಯು ಮಾನ್ವಿ ಸೀಮೆಯನ್ನೂ, 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆಯು ಮುಂದೆ ದೇವದುರ್ಗದ ಹೊಲಗಳನ್ನೂ ಮುಟ್ಟಿದವು. ಕಾಲುವೆ ಸೀಮೆಯಲ್ಲಿ ಭೂಮಿಯೊಳಗಿನ ನೀರು ಮೇಲೇರಿದಲ್ಲಿ ಎಷ್ಟು ಮೆತ್ತಿದರೂ ತಳ ಒಣಗುವಂತಿರಲಿಲ್ಲ. ಜೋಳದ ಜಾಗಕ್ಕೆ ಭತ್ತ ಬಂದು, ಸುಗ್ಗಿಯೊಡನೆಯೇ ಮಿಲ್ಲಿಗೋ ಮಾರುಕಟ್ಟೆಗೋ ಹೋಗತೊಡಗಿದಾಗ ನೆಲದಡಿಯ ಕಣಜದ ಅಗತ್ಯವೂ ಕುಗ್ಗಿತು. ನೀರಾವರಿಯಿಂದ ಬದುಕು ಹಸನಾದುದು ನಿಜ. ಜೊತೆಗೆ ಬರವನ್ನು ಮನೆಯೊಳಗೇ ಎದುರಿಸುವ ಶಕ್ತಿ ಕೈತಪ್ಪಿತೆಂಬುದೂ ಅಷ್ಟೇ ನಿಜ. ಹಳೆಯ ಮನೆಗಳನ್ನು ಕೆಡವುವಾಗ ಹಗೇವು ಸಿಕ್ಕರೆ, ಅದನ್ನು ಮಣ್ಣು ಹಾಕಿ ಮುಚ್ಚುವ ಮೊದಲು ಅಳತೆ ತೆಗೆದು, ತಳಕ್ಕೆ ಮೆತ್ತಿದ ಪದರಗಳನ್ನು ಗುರುತಿಸಿ, ಬಳಸಿದ ಹಿರಿಯರ ಮಾತನ್ನು ಬರೆದಿಡುವ ಕೆಲಸವನ್ನು ಈ ಸೀಮೆಯ ಕಾಲೇಜುಗಳೂ ಪಂಚಾಯಿತಿಗಳೂ ಕೈಗೆತ್ತಿಕೊಳ್ಳಬೇಕು.