ರಕ್ತದಲ್ಲಿ ಬರುವುದೆಷ್ಟು, ನೆರೆಯಿಂದ ಬರುವುದೆಷ್ಟು?

ಸಯನ್ ಎಂಬುದು ಮರಾಠಿಯ ‘ಶೀವ್’ ಎಂಬ ಶಬ್ದ ಇಂಗ್ಲಿಷರ ಬಾಯಲ್ಲಿ ತಾಳಿದ ರೂಪ. ಶೀವ್ ಎಂದರೆ ಎಲ್ಲೆ, ಗಡಿ. 1669ರಿಂದ 1677ರ ಅವಧಿಯಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರನ ಆಡಳಿತದಲ್ಲಿ ಇಲ್ಲಿಯ ಗುಡ್ಡದ ಮೇಲೆ ಕೋಟೆ ಎದ್ದಾಗ ಇತ್ತ ಇಂಗ್ಲಿಷರ ಪರೇಲ್ ದ್ವೀಪ, ಅತ್ತ ಪೋರ್ತುಗೀಜರ ಸಾಷ್ಟಿ. ಇಂದು ಆ ಕೋಟೆಯ ಪಾಳುಗೋಡೆಗಳೇ ಉಳಿದಿವೆ. ಭಾನುವಾರ ಸಂಜೆ ಸಯನ್, ಮಾಟುಂಗ, ವಡಾಲದ ಕನ್ನಡ ಕುಟುಂಬಗಳವರಾದ ನಾವು ಮಕ್ಕಳನ್ನು ಕರೆದುಕೊಂಡು ಆ ಗುಡ್ಡ ಹತ್ತುವುದುಂಟು. ಮಕ್ಕಳು ಹಿಂದಿಯಲ್ಲಿ ಜಗಳವಾಡುತ್ತ, ಇಂಗ್ಲಿಷಿನಲ್ಲಿ ರಾಜಿಯಾಗುತ್ತ ಮುಂದೆ ಓಡುತ್ತಾರೆ. ನಾವು ಹಿಂದೆ ಏದುಸಿರು ಬಿಡುತ್ತ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತೇವೆ: “ಈಗ ಹೇಗಾದರೂ ಆಡಲಿ, ಕನ್ನಡ ರಕ್ತದಲ್ಲೇ ಇದೆಯಲ್ಲ, ಎಲ್ಲಿ ಹೋದೀತು?”

ಈ ಮಾತನ್ನು ಒಮ್ಮೆ ಪರೀಕ್ಷಿಸಿ ನೋಡಬೇಕೆಂದು ನಮಗೆ ಅನ್ನಿಸಿದೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಎರಡು ದೋಣಿಯಲ್ಲೂ ಕಾಲಿಟ್ಟಿದ್ದರು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದವರೂ ಅವರೇ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದವರೂ ಅವರೇ. ಮೊದಲನೆಯದು ಅನುವಂಶೀಯತೆಯ ಪಕ್ಷ, ಎರಡನೆಯದು ಪರಿಸರದ ಪಕ್ಷ. ಯೂರೋಪಿನಲ್ಲಿ ಈ ವ್ಯಾಜ್ಯಕ್ಕೆ ಶಾಸ್ತ್ರದ ಉಡುಪು ತೊಡಿಸಿದವನು ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್. ಪ್ರತಿಭೆ ಮನೆತನಗಳಲ್ಲಿ ಹರಿದು ಬರುತ್ತದೆಂದು ಅವನು 1869ರ ತನ್ನ ಗ್ರಂಥದಲ್ಲಿ ವಾದಿಸಿದ. ನ್ಯಾಯಾಧೀಶರ ಮಕ್ಕಳು ನ್ಯಾಯಾಧೀಶರಾದುದನ್ನು ಲೆಕ್ಕ ಹಾಕಿದ ಈ ಮಹಾಶಯ, ಆ ಮಕ್ಕಳಿಗೆ ತಂದೆಯ ಹಣ, ಶಾಲೆ, ಪರಿಚಯಗಳೂ ಸಿಕ್ಕಿದ್ದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಇರಲಿ.

ರಕ್ತದಲ್ಲಿ ನಿಜವಾಗಿ ಏನು ಬರುತ್ತದೆ ಎಂಬುದಕ್ಕೆ ಜಗತ್ತಿನ ವೈದ್ಯಗ್ರಂಥಗಳು ನಮ್ಮ ಊರಿನ ಹೆಸರನ್ನೇ ಹೇಳುತ್ತವೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇಲ್ಲಿ ಗುರುತಿಸಿದ ಅಪರೂಪದ ರಕ್ತದ ಗುಂಪಿಗೆ ‘ಬಾಂಬೆ ಗುಂಪು’ ಎಂದೇ ಹೆಸರಾಯಿತು. ಸಾಮಾನ್ಯ ಪರೀಕ್ಷೆಯಲ್ಲಿ ಅದು ‘ಓ’ ಗುಂಪಿನಂತೆ ಕಾಣುತ್ತದೆ. ಆದರೆ ‘ಓ’ ರಕ್ತ ಕೊಟ್ಟರೆ ರೋಗಿಯ ಜೀವಕ್ಕೇ ಅಪಾಯ. ತಾಯಿಯಿಂದಲೂ ತಂದೆಯಿಂದಲೂ ಒಂದೊಂದು ದುರ್ಬಲ ವಂಶವಾಹಿ ಬಂದು ಜೊತೆಗೂಡಿದರೆ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಊಟ, ಶಾಲೆ, ಸಹವಾಸ, ಸಂಸ್ಕಾರ, ಯಾವುದೂ ಇದನ್ನು ಬದಲಾಯಿಸಲಾರದು. ಅನುವಂಶೀಯತೆಯ ನಿರಂಕುಶ ರಾಜ್ಯವೆಂದರೆ ಇದು. ಭಾಷೆ ಈ ರಾಜ್ಯದ ಪ್ರಜೆಯೇ?

ಉತ್ತರ ಹುಡುಕಲು ಮತ್ತೆ ಸಯನ್ ಕೋಟೆಯ ಕಾಲಕ್ಕೇ ಹೋಗೋಣ. ಕೋಟೆ ಎದ್ದು ಹನ್ನೆರಡು ವರ್ಷ ಕಳೆದಿರಬಹುದು. 1689ರಲ್ಲಿ ಜಂಜೀರದ ಸಿದ್ದಿ ಯಾಕೂತ್ ಖಾನನು ಮೊಗಲರ ಪರವಾಗಿ ಶಿವಡಿಯಲ್ಲಿ ಸೈನ್ಯ ಇಳಿಸಿ, ಮಜಗಾಂವನ್ನು ಹಿಡಿದು, ಇಂಗ್ಲಿಷರ ಮುಖ್ಯ ಕೋಟೆಗೇ ಮುತ್ತಿಗೆ ಹಾಕಿದ. ಕಂಪನಿ ಸರಕಾರವು ಔರಂಗಜೇಬನ ಮುಂದೆ ತಲೆಬಾಗಿ ದಂಡ ತೆತ್ತ ಮೇಲೆಯೇ, 1690ರಲ್ಲಿ, ಅವನು ಹಿಂದೆ ಸರಿದದ್ದು. ಈ ಸಿದ್ದಿಗಳು ಆಫ್ರಿಕದಿಂದ ಬಂದವರ ಸಂತತಿ. ಅಹಮದನಗರದ ಮಲಿಕ್ ಅಂಬರ್ ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಬಂದು ರಾಜ್ಯದ ಸೂತ್ರಧಾರನಾದವನು. ನಮ್ಮ ವಿಜಾಪುರದಲ್ಲೂ ಮಹಮ್ಮದ್ ಆದಿಲ್‌ಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬಶಿಯೇ.

ಮಂತ್ರಿಗಳಾದವರು ಬೆರಳೆಣಿಕೆಯಷ್ಟು ಜನ. ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬಂದು ಮಾರಾಟವಾದವರ ಸಂತತಿ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿತು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿರುವ ಸಿದ್ದಿಗಳು ಬಹುಮಟ್ಟಿಗೆ ಇವರ ಮೊಮ್ಮಕ್ಕಳು, ಮರಿಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ತಲೆಮಾರುಗಟ್ಟಲೆ ಇತರರ ತೋಟ-ಗದ್ದೆಗಳಲ್ಲಿ ದುಡಿದ ಈ ಜನರನ್ನು ಪರಿಶಿಷ್ಟ ಪಂಗಡವೆಂದು ಸರಕಾರ ಮನ್ನಿಸಿದ್ದು 2003ರಲ್ಲಿ. ಅಂದಹಾಗೆ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿತ್ತು. ಆ ಲೆಕ್ಕದಲ್ಲಿ ಅವರೂ ನಾವೂ ಒಂದೇ ಸರಕಾರದ ಪ್ರಜೆಗಳಾಗಿದ್ದವರು.

2011ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯಲ್ಲಿ, ಸಿದ್ದಿಗಳ ವಂಶದ ದೊಡ್ಡ ಪಾಲು ಆಫ್ರಿಕದ ಬಾಂಟು ಜನಾಂಗಗಳದೆಂದೂ, ಉಳಿದುದರಲ್ಲಿ ಭಾರತದ ಮತ್ತು ಯೂರೋಪಿನ ಬೆರಕೆಯಿದೆಯೆಂದೂ ತಿಳಿದುಬಂತು. ಶತಮಾನಗಳು ಕಳೆದರೂ ರಕ್ತ ತನ್ನ ಊರನ್ನು ಮರೆತಿಲ್ಲ. ಭಾಷೆ? ಆಫ್ರಿಕದ ಒಂದು ಭಾಷೆಯೂ ಅವರಿಗೆ ಮನೆಮಾತಾಗಿ ಉಳಿಯಲಿಲ್ಲ. ಕೊಂಕಣಿ, ಉರ್ದು, ಕನ್ನಡ, ಹೀಗೆ ಯಾವ ಕೇರಿಯಲ್ಲಿ ಬೆಳೆದರೋ ಆ ಕೇರಿಯ ಮಾತು ಅವರದಾಯಿತು. ಡಮಾಮಿ ಬಡಿದು ಕುಣಿಯುವ ಕುಣಿತ ಮಾತ್ರ ಉಳಿದಿದೆ. ಅದೂ ರಕ್ತದಿಂದ ಉಳಿದದ್ದೆಂದು ನಮಗೆ ತೋರುವುದಿಲ್ಲ. ಕಾಡಿನೊಳಗೆ ನಾಲ್ಕು ಮನೆಯವರು ಒಟ್ಟಿಗೆ ಇದ್ದು, ರಾತ್ರಿ ಒಟ್ಟಿಗೆ ಬಾರಿಸಿದ್ದರಿಂದ ಉಳಿಯಿತು.

ಈ ಸಿದ್ದಿಗಳ ಮೇಲೆಯೇ ಒಂದು ದೊಡ್ಡ ಪ್ರಯೋಗ ನಡೆಯಿತು. 1987ರಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾಖಾತೆಯ ಮಂತ್ರಿಯಾಗಿದ್ದಾಗ, ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿ ಕೊಡತೊಡಗಿತು. ತರ್ಕ ಸರಳ: ಆಫ್ರಿಕದವರು ಒಲಿಂಪಿಕ್ಸಿನಲ್ಲಿ ಓಡಿ ಗೆಲ್ಲುತ್ತಾರೆ, ಇವರೂ ಆಫ್ರಿಕದವರು, ಆದ್ದರಿಂದ ಇವರೂ ಗೆಲ್ಲುತ್ತಾರೆ. ಕಾಡಿನ ಮಕ್ಕಳಿಗೆ ಬೂಟು, ಹಾಲು, ಮೊಟ್ಟೆ, ಶಾಲೆ ಎಲ್ಲ ಸಿಕ್ಕವು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮೊದಲಾದವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಕೆಲವರಿಗೆ ಸರಕಾರಿ ಕೆಲಸವೂ ಆಯಿತು. ಆರು ವರ್ಷ ಕಳೆಯುವುದರೊಳಗೆ, 1993ರಲ್ಲಿ, ಯೋಜನೆಯೇ ನಿಂತಿತು. ಅನೇಕರು ಊರಿಗೆ ಮರಳಿ ಕೂಲಿಗೆ ಇಳಿದರು.

ತರ್ಕದಲ್ಲೇ ಒಂದು ತೂತಿತ್ತು. ಕೆನ್ಯದ ಹೆಸರಾಂತ ದೂರದ ಓಟಗಾರರಲ್ಲಿ ಬಹಳ ಮಂದಿ ಕಲೆಂಜಿನ್ ಜನಾಂಗದವರು. ಸಿದ್ದಿಗಳ ಪೂರ್ವಜರಿಗೂ ಆ ಜನಕ್ಕೂ ಇರುವ ದೂರ ಕಡಿಮೆಯದಲ್ಲ. ಒಂದೇ ಖಂಡದವರೆಂದ ಮಾತ್ರಕ್ಕೆ ಒಂದೇ ರಕ್ತವಾಗದು. ಅಲ್ಲದೆ ಆ ಓಟಗಾರರು ಅಭ್ಯಾಸ ಮಾಡುವ ಇಟೆನ್ ಊರು ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ ಅಲ್ಲಿ ಓಡಿ ಬೆಳೆದವರ ಉಸಿರೇ ಬೇರೆ. 1968ರಲ್ಲಿ ಮೆಕ್ಸಿಕೋದಲ್ಲಿ ಕಿಪ್ಚೋಗೆ ಕೇನೋ ಚಿನ್ನ ಗೆದ್ದ ಮೇಲೆ ಹಳ್ಳಿಹಳ್ಳಿಯ ಹುಡುಗನಿಗೂ ತಾನೂ ಓಡಬಲ್ಲೆನೆಂಬ ಆಸೆ ಹುಟ್ಟಿತು. ಮೈಕಟ್ಟಿನಲ್ಲಿ ವಂಶದ ಪಾಲಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಬೀಜ ನೋಡಿ ಬೆಳೆಯ ಲೆಕ್ಕ ಬರೆದವರು ಆರನೆಯ ವರ್ಷ ನೀರು ನಿಲ್ಲಿಸಿದರೆ ಬೀಜವನ್ನು ದೂರಿ ಏನು ಫಲ?

ಅದೇ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳ ತಂಡ ಕಟ್ಟಿ, ನೈಜೀರಿಯದ ಚಿನುವ ಅಚೀಬೆಯ ಕಾದಂಬರಿಯನ್ನು ಆಧರಿಸಿದ ಕನ್ನಡ ನಾಟಕ ಆಡಿಸಿತ್ತು. ಆಫ್ರಿಕದ ಕತೆ ಆಫ್ರಿಕದ ರಕ್ತದವರಿಗೆ ಕನ್ನಡದ ಮೂಲಕ ತಲುಪಿತು! ಮುಂದೆ ಗಿರಿಜಾ ಸಿದ್ದಿ ರಂಗಭೂಮಿಯಲ್ಲೂ ಪ್ರಶಾಂತ ಸಿದ್ದಿ ಕನ್ನಡ ಚಿತ್ರಗಳಲ್ಲೂ ಹೆಸರಾದರು.

ನಮ್ಮ ಮುಂಬಯಿ ಕನ್ನಡಿಗರ ಚರಿತ್ರೆಯೂ ಈ ಬಗೆಯದೇ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಕಲಿತ ಹುಡುಗರು ವಕೀಲರಾದರು, ಅಧ್ಯಾಪಕರಾದರು. ಅವರ ರಕ್ತ ಊರಿನಲ್ಲಿದ್ದಾಗಲೂ ಅದೇ ಆಗಿತ್ತು. ರಾತ್ರಿಶಾಲೆಯ ದೀಪ ಮಾತ್ರ ಊರಿನಲ್ಲಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಶಿರಸಿಗೆ ಹೊರಟಿದ್ದಾಗ ಯಲ್ಲಾಪುರದ ಆಚೆ ನಮ್ಮ ಬಸ್ಸು ಕೆಟ್ಟು ನಿಂತಿತು. ಚಹದಂಗಡಿಯ ಪಕ್ಕದಲ್ಲಿದ್ದ ಒಬ್ಬ ಸಿದ್ದಿ ಹುಡುಗ, ಒಂಬತ್ತು ಹತ್ತು ವರ್ಷದವನು, ನಮ್ಮ ಮಗನ ಬಳಿ ಬಂದು “ಯಾವೂರು ನಿಂದು? ಬಾ, ಹಳ್ಳದಲ್ಲಿ ಏಡಿ ತೋರಿಸ್ತೆ” ಎಂದ. ಮಗ ನಮ್ಮ ಮುಖ ನೋಡಿದ. “ಪಪ್ಪಾ, ಏ ಕ್ಯಾ ಬೋಲ್ ರಹಾ ಹೈ?” ಎಂದು ಕೇಳಿದ. ಬಸ್ಸಿನಿಂದ ಇಳಿದು ನಿಂತಿದ್ದ ಊರಿನವರು ನಮ್ಮತ್ತ ನೋಡಿದರು. ನಾವು ನಡುವೆ ನಿಂತು, ಕನ್ನಡವನ್ನು ಕನ್ನಡಿಗರ ಮಗನಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದೆವು. ಇಬ್ಬರೂ ಓಡಿದರು. ಬಸ್ಸು ರಿಪೇರಿಯಾಗಲು ಎರಡು ತಾಸು ಬೇಕಾಯಿತು. ತಿರುಗಿ ಬರುವಾಗ ಮಗನ ಚಡ್ಡಿಯೆಲ್ಲ ಕೆಸರು. ಮುಷ್ಟಿ ಬಿಚ್ಚಿ ತೋರಿಸಿ ಅವನು ಹೇಳಿದ: “ಅಮ್ಮಾ, ಏಡಿ!”