ಹಾರಲು ಕಲಿಸುವ ವಿಮಾನದ ಕಥೆ

ಎಚ್ಎಎಲ್ ಅಂದಕೂಡಲೇ ಸರ್ಕಾರಿ ಕಾರ್ಖಾನೆ ಅನ್ನಿಸುತ್ತೆ ಅಲ್ವಾ? ಆದರೆ ಅದು ಹುಟ್ಟಿದ್ದು ಒಬ್ಬ ಖಾಸಗಿ ಉದ್ಯಮಿಯ ಹಟದಿಂದ. ಅಲ್ಲಿಂದ ಮೊದಲು ಹಾರಿದ್ದು ಯುದ್ಧವಿಮಾನವಲ್ಲ, ಪೈಲಟ್‌ಗಳಿಗೆ ಹಾರಾಟ ಕಲಿಸುವ ಪುಟ್ಟ ವಿಮಾನ.

ಬ್ರಿಟನ್ನಿನಲ್ಲಿ 1930ರ ದಶಕದಲ್ಲೇ ಖಾಸಗಿ ಕಂಪನಿಗಳು ಗುತ್ತಿಗೆಯ ಮೇಲೆ ವಾಯುಪಡೆಯ ಹುಡುಗರಿಗೆ ಹಾರಾಟ ಕಲಿಸುತ್ತಿದ್ದವು. ನಮ್ಮಲ್ಲಿ ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ ವಿಮಾನವನ್ನೇ ತಯಾರಿಸಲು ಹೊರಟರು. ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ತೊಡಗಿಸಿದ ಬಂಡವಾಳ 40 ಲಕ್ಷ ರೂಪಾಯಿ. ಅಮೆರಿಕದ ಕಂಪನಿಯೊಂದರ ನೆರವಿನಿಂದ 1941ರಲ್ಲೇ ಹಾರ್ಲೋ ತರಬೇತಿ ವಿಮಾನ ಮೇಲೇರಿತು.

ಆಗ ನಮ್ಮ ಶಾಗ್ಯ ಮೈಸೂರು ರಾಜ್ಯದಲ್ಲಿರಲಿಲ್ಲ! ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ಆದರೂ ಒಂದು ನಂಟುಂಟು. ಬೆಂಗಳೂರಿಗೆ ಕರೆಂಟು ಹೋಗುತ್ತಿದ್ದದ್ದು ನಮ್ಮ ಪಕ್ಕದ ಶಿವನಸಮುದ್ರದಿಂದ :)

ಅಷ್ಟರಲ್ಲಿ ಜಪಾನ್ ಯುದ್ಧಕ್ಕಿಳಿಯಿತು. 1942ರಲ್ಲಿ ಭಾರತ ಸರ್ಕಾರ ಕಂಪನಿಯ ಆಡಳಿತವನ್ನು ಕೈಗೆತ್ತಿಕೊಂಡಿತು, 1943ರಲ್ಲಿ ಅಮೆರಿಕದ ಸೇನೆ ಬಂತು. ಯುದ್ಧಕ್ಕೆ ಹೋಗುವ ವಿಮಾನಗಳ ರಿಪೇರಿಯೇ ಮುಖ್ಯವಾಗಿ, ಹೊಸ ವಿಮಾನ ತಯಾರಿಕೆ ಮೂಲೆಗೆ ಸರಿಯಿತು.

ನಮ್ಮದೇ ವಿನ್ಯಾಸದ ತರಬೇತಿ ವಿಮಾನಕ್ಕೆ 1951ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ವಿ.ಎಂ. ಘಾಟಗೆಯವರ ತಂಡದ ಎಚ್‌ಟಿ-2 ಅದು. 150ಕ್ಕೂ ಹೆಚ್ಚು ತಯಾರಾದವು. ಆಮೇಲೆ ಎಚ್‌ಪಿಟಿ-32 ಬಂತು. 2009ರ ಜುಲೈನಲ್ಲಿ ಅದರ ಅಪಘಾತವೊಂದರಲ್ಲಿ ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಅವುಗಳ ಹಾರಾಟವನ್ನೇ ನಿಲ್ಲಿಸಿದರು. ಬದಲಿ ಸಿದ್ಧವಿರಲಿಲ್ಲ. 2012ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಎಂಬ ಖಾಸಗಿ ಕಂಪನಿಗೆ 75 ವಿಮಾನಗಳ ಆರ್ಡರ್ ಹೋಯಿತು. ಎಚ್ಎಎಲ್‌ನ ಎಚ್‌ಟಿಟಿ-40 ಮೊದಲ ಸಲ ಹಾರಿದ್ದು 2016ರಲ್ಲಿ, 70 ವಿಮಾನಗಳ ಒಪ್ಪಂದವಾಗಿದ್ದು 2023ರ ಮಾರ್ಚ್‌ನಲ್ಲಿ.

ಖಾಸಗಿಯೋ ಸರ್ಕಾರಿಯೋ ಅಂತ ನಾವು ಜಗಳವಾಡ್ತೀವಿ. ನನಗೆ ಕಾಣೋದೇ ಬೇರೆ. ಯಜಮಾನ ಯಾರೇ ಇರಲಿ, ತುರ್ತು ಬಂದಾಗ ಹಿಂದಕ್ಕೆ ಸರಿಯೋದು ಕಲಿಯುವವನ ವಿಮಾನ. ನಮ್ಮ ಸಾಫ್ಟ್‌ವೇರಿನಲ್ಲೂ ಡೆಡ್‌ಲೈನ್ ಬಂದರೆ ಮೊದಲು ಕತ್ತರಿ ಬೀಳೋದು ಟ್ರೈನಿಂಗಿಗೆ. ನಮ್ಮಲ್ಲಿ ತಪ್ಪಾದರೆ ಸರ್ವರ್ ಬೀಳುತ್ತೆ, ರೀಸ್ಟಾರ್ಟ್ ಮಾಡಬಹುದು. ಅಲ್ಲಿ ಬೀಳೋದು ಇಪ್ಪತ್ತರ ಹರೆಯದ ಹುಡುಗರು. ಗುತ್ತಿಗೆ ಯಾರಿಗೆ ಅಂತ ಕೇಳುವ ಮೊದಲು, ಅವರಿಗೆ ಒಳ್ಳೆಯ ವಿಮಾನ ಯಾವಾಗ ಸಿಗುತ್ತೆ ಅಂತ ಕೇಳಬೇಕಲ್ವಾ?